ದಾರ ಕಟ್ಟಿ ಕಿತ್ತ ಹಾಲುಹಲ್ಲು

ಅಲುಗಾಡುತ್ತಿದ್ದ ಒಂದು ಹಾಲುಹಲ್ಲಿಗೆ ನಾನು ತೆತ್ತದ್ದು ಮಗನ ಚಿಕಿತ್ಸೆಯ ಮೂರು ವಾರ, ಜೊತೆಗೆ ತಾಯಿಯಂತಿದ್ದ ಒಬ್ಬರನ್ನೂ ಕಳೆದುಕೊಂಡೆ. ಯಾಕೆಂದರೆ, ಕೊಟ್ಟ ಮಾತು ನಿಲ್ಲುತ್ತದೆ ಎಂದು ನಂಬಿದ್ದೆ. ಮೊನ್ನೆ ನಮ್ಮೂರ ಹತ್ತಿರದ ಮಧುರೆಯಲ್ಲಿ ನೆಂಟರು ಅಂಗಳ ಸಾರಿಸುತ್ತಿದ್ದರು. ಹಸಿ ಸಗಣಿಯ ವಾಸನೆಗೆ ದೊಡ್ಡಮ್ಮ ನೆನಪಾದರು...

ದೊಡ್ಡಮ್ಮ ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನಿಲ್ಲ. ಮಗ್ಗದವರ ಹತ್ತಿರ ಚೌಕಾಸಿ ಮಾಡಿ ಸೀರೆ ತಂದು, ಮನೆಮನೆಗೆ ಹೊತ್ತು ಮಾರಿ ಅಂಗಡಿ ಮಾಡಿಕೊಂಡವಳು ನಾನು. ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅವರನ್ನು ನಂಬಿದ್ದೆ. ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಬಂದಾಗ, ನಾನು ಅಂಗಡಿಯಲ್ಲಿದ್ದಷ್ಟು ಹೊತ್ತು ಅವನನ್ನು ನೋಡಿಕೊಂಡವರು ಅವರೇ.

ಕೀಮೋ ನಡೆಯುವಾಗ ಅವನ ಕೆಳಹಲ್ಲೊಂದು ಅಲುಗಾಡತೊಡಗಿತು. ರಕ್ತ ಬಂದರೆ ನಿಲ್ಲುವುದು ಕಷ್ಟ, ಸೋಂಕು ತಡೆಯುವ ಶಕ್ತಿಯೂ ಇಲ್ಲ, ಹಲ್ಲು ಕೀಳಲೇಬೇಡಿ ಎಂದು ಆಸ್ಪತ್ರೆಯಲ್ಲಿ ಎಚ್ಚರಿಸಿದರು. ದೊಡ್ಡಮ್ಮನಿಗೂ ಅದನ್ನೇ ಹೇಳಿದೆ.

“ಅಯ್ಯೋ, ನಾನ್ಯಾಕವ್ವ ಮುಟ್ಲಿ? ನೀನು ಅಂಗ್ಡಿ ನೋಡ್ಕೊ, ಹೋಗು.”

ಒಂದು ಮಧ್ಯಾಹ್ನ ಮನೆಗೆ ಬಂದರೆ ಮಗನ ಅಂಗಿಯೆಲ್ಲ ರಕ್ತ. “ಆಡ್ತಾ ಆಡ್ತಾ ತಾನೇ ಬಿದ್ದೋಯ್ತು ಕಣವ್ವ,” ಅಂದರು ದೊಡ್ಡಮ್ಮ. ಬೆಂಗಳೂರಿನ ಆಸ್ಪತ್ರೆಯ ದಾರಿಯಲ್ಲಿ, ಕಾರಿನೊಳಗೆ, ಮಗ ಬಾಯಿಗೆ ಒತ್ತಿದ್ದ ಬಟ್ಟೆ ಸರಿಸಿ ಹೇಳಿದ: “ಅಜ್ಜಿ ದಾರ ಕಟ್ಟಿ ಎಳುದ್ರು. ಸಗಣೀಲಿಟ್ಟು ಸೂರಿನ ಮೇಲೆ ಎಸುದ್ರು. ಇಲ್ಲಾಂದ್ರೆ ಕೋರೆಹಲ್ಲು ಬರುತ್ತಂತೆ. ನಿಂಗೆ ಹೇಳ್ಬೇಡ ಅಂದ್ರು.”

ರಕ್ತ ನಿಲ್ಲಿಸಲು ಪ್ಲೇಟ್ಲೆಟ್ ಏರಿಸಿದರು. ಒಸಡಿಗೆ ಸೋಂಕು ತಗಲಿ ಜ್ವರ ಬಂತು, ಕೀಮೋ ಮೂರು ವಾರ ಮುಂದಕ್ಕೆ ಹೋಯಿತು. ಮಗ ಉಳಿಯುತ್ತಾನೋ ಇಲ್ಲವೋ ಎಂಬ ಭಯದಲ್ಲೇ ಕಳೆದ ಆ ದಿನಗಳು...

ವಾಪಸ್ ಬಂದ ಮೇಲೆ ದೊಡ್ಡಮ್ಮನನ್ನು ಕೇಳಿದೆ. “ನನ್ ಮಕ್ಳಿಗೆಲ್ಲ ನಾನೇ ಕಿತ್ತಿದ್ದು. ಯಾರು ಸತ್ತೋದ್ರು?” ಅಂದರು. ಹಳೆಯ ಪದ್ಧತಿ, ಪ್ರೀತಿಯಿಂದಲೇ ಮಾಡಿದ್ದಿರಬಹುದು. ಆದರೆ ನನಗೆ ಸುಳ್ಳು ಹೇಳಿ, ಆ ಮಗುವಿಗೂ ಮುಚ್ಚಿಡುವುದನ್ನು ಕಲಿಸಿದ್ದು ನನಗೆ ಅರಗಲಿಲ್ಲ. ಮಾತು ಬಿಟ್ಟೆ.

ಮಗ ಈಗ ಗುಣವಾಗಿ ಸ್ಕೂಲಿಗೆ ಹೋಗುತ್ತಿದ್ದಾನೆ. ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಳು ಬಂತು, ಸಿಟ್ಟು ಮಾತ್ರ ಹೋಗಲಿಲ್ಲ. ಅಂಥವರು ಮತ್ತೆ ಸಿಗಲಿಲ್ಲ; ಸಿಕ್ಕಿದ್ದರೂ ನಾನು ನಂಬುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ, ಕೀಮೋ ಶುರುವಾಗುವ ಮೊದಲೇ ದಂತವೈದ್ಯರಿಗೆ ಹಲ್ಲು ತೋರಿಸಿ. ಮೆತ್ತನೆಯ ಬ್ರಷ್ ಕೊಡಿ. ಹಲ್ಲು ಅಲುಗಾಡಿದರೂ, ಒಸಡಿನಲ್ಲಿ ರಕ್ತ ಕಂಡರೂ ಡಾಕ್ಟರಿಗೇ ಫೋನ್ ಮಾಡಿ. ಜ್ವರ ಬಂದರಂತೂ ಕಾಯದೆ ಆಸ್ಪತ್ರೆಗೆ ಹೊರಡಿ. ಆಮೇಲೆ, ದಿನಾ ಸಂಜೆ ಟಾರ್ಚ್ ಹಿಡಿದು ಮಗುವಿನ ಬಾಯಿ ನೋಡಿ. ಎಷ್ಟೇ ಬೇಕಾದವರು “ಚೆನ್ನಾಗಿದೆ” ಅಂದರೂ, ನೀವೇ ನೋಡಿ.