ಶುಕ್ರವಾರದ ಬಿಲ್ಲೆಗಳು

ಕೋಪ ನನಗೆ ಮೂಗಿನ ತುದಿಯಲ್ಲೇ. ಬೋಗಾದಿಯ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದ ದಿನಗಳಲ್ಲಂತೂ ಕೇಳುವುದೇ ಬೇಡ. ಸತುವಿನ ಆಕ್ಸೈಡ್ ಪುಡಿಯನ್ನು ಮಾತ್ರೆಯಷ್ಟು ಬಿಲ್ಲೆಗಳಾಗಿ ಒತ್ತಿ, ಫರ್ನೇಸಿನಲ್ಲಿ ಸುಟ್ಟು, ಅವುಗಳಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆಯುವುದು ನನ್ನ ಕೆಲಸ. ಬರೀ ಪುಡಿಯ ಬಿಲ್ಲೆಯಲ್ಲಿ ಕಡಿಮೆ ಹರಿಯಬೇಕು, ಚೂರು ಅಲ್ಯುಮಿನಿಯಂ ಬೆರೆಸಿದರೆ ಹೆಚ್ಚು. ನನ್ನ ಪ್ರಬಂಧ ನಿಂತಿದ್ದು ಇದರ ಮೇಲೆಯೇ.

ಒಂದು ಸೋಮವಾರ ಅಳೆದರೆ, ಹಿಂದಿನ ಶುಕ್ರವಾರ ಸುಟ್ಟ ಬರೀ ಬಿಲ್ಲೆಗಳೂ ಅಲ್ಯುಮಿನಿಯಂ ಬೆರೆತವುಗಳಂತೆಯೇ ವಿದ್ಯುತ್ ಹರಿಸುತ್ತಿದ್ದವು. ಸುಟ್ಟ ಬಿಲ್ಲೆಗಳನ್ನು ತೆಗೆದು ಹೆಸರು ಬರೆದ ಡಬ್ಬಿಗಳಿಗೆ ಹಾಕುತ್ತಿದ್ದವರು ನಮ್ಮ ಅಟೆಂಡರ್. ಇಲವಾಲದಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯರು, ನಿವೃತ್ತಿಗೆ ಕೆಲವೇ ತಿಂಗಳಿತ್ತು. ಎರಡು ದಿನ ಪುಸ್ತಕ ತಿರುವಿ, ಲ್ಯಾಬಿನವರನ್ನೆಲ್ಲ ವಿಚಾರಿಸಿದರೂ ಕಾರಣ ಸಿಗಲಿಲ್ಲ. ಇವರೇ ಡಬ್ಬಿ ಅದಲುಬದಲು ಮಾಡಿದ್ದಾರೆಂದು ನಾನೇ ತೀರ್ಮಾನಿಸಿ, ಅವರೆದುರೇ ಗೈಡ್ ಹತ್ತಿರ ದೂರಿದೆ.

"ನಾನು ಬದಲಾಯ್ಸಿಲ್ಲ ಸಾರ್," ಎಂದರು ಅವರು ಗೈಡ್‌ಗೆ, ಅಷ್ಟೆ.

ಫರ್ನೇಸ್ ಕೋಣೆಯ ಬೀಗದ ಕೈ ನಾನು ಹುಟ್ಟುವ ಮೊದಲಿನಿಂದಲೂ ಅವರ ಬಳಿಯಿತ್ತು. ಗೈಡ್ ಅದನ್ನು ಇಸಿದುಕೊಂಡು ನನಗೆ ಕೊಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಶುಕ್ರವಾರ ನಾನೇ ಬರೀ ಬಿಲ್ಲೆಗಳನ್ನು ಸುಡಲಿಟ್ಟೆ. ಸಂಜೆ ಅಟೆಂಡರ್ ದಾಸವಾಳ, ಊದುಬತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಸ್ವಲ್ಪ ತೆಗೀರಮ್ಮ, ಫರ್ನೇಸಿಗೆ ಪೂಜೆ ಮಾಡ್ಬುಟ್ಟು ಬಸ್ಸಿಗೆ ಹೋಗ್ತೀನಿ."

"ಒಳಗೆ ಬಿಲ್ಲೆಗಳಿವೆ, ಇನ್ನೂ ಕೆಂಪಗೆ ಕಾದಿವೆ," ಎಂದೆ.

"ಶುಕ್ರವಾರ ಯಾವಾಗ್ಲೂ ಬಿಸೀಲೇ ತೆಗೆದು ಇಟ್ಟಿಗೆ ಮೇಲೆ ಇಡೋದು ಕಣಮ್ಮ. ಮಿಕ್ಕ ದಿನ ಒಳಗೇ ಆರೋಕೆ ಬುಡ್ತೀನಿ. ಅರ್ಧ ಬೆಂದಿದ್ದನ್ನ ಒಲೆ ಮೇಲೆ ಇಟ್ಕೊಂಡು ಯಾರಾದ್ರೂ ಪೂಜೆ ಮಾಡ್ತಾರಾ?"

ಹಿಂದಿನ ಬಿಲ್ಲೆಗಳಿಗೆ ಏನಾಗಿತ್ತೆಂದು ಆಗ ಹೊಳೆಯಿತು. ಕಾದ ಆಕ್ಸೈಡಿನಿಂದ ಒಂದಿಷ್ಟು ಆಮ್ಲಜನಕ ಹೊರಟುಹೋಗುತ್ತದೆ. ನಿಧಾನವಾಗಿ ಆರಿದರೆ ಮರಳಿ ಬಂದು ಸೇರಿಕೊಳ್ಳುತ್ತದೆ. ಥಟ್ಟನೆ ಹೊರಗೆ ತೆಗೆದರೆ ಆ ಜಾಗಗಳು ಖಾಲಿಯೇ ಉಳಿಯುತ್ತವೆ, ಅಲ್ಲಿ ಬಿಟ್ಟುಹೋದ ಎಲೆಕ್ಟ್ರಾನುಗಳು ಅಲ್ಯುಮಿನಿಯಂ ಇಲ್ಲದೆಯೂ ವಿದ್ಯುತ್ ಹರಿಸುತ್ತವೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಿಟ್ಟಿಸಿದವಳು ನಾನು.

ಅವರು ಇಕ್ಕಳದಿಂದ ಬಿಲ್ಲೆಗಳನ್ನು ತೆಗೆದಿಟ್ಟು ಪೂಜೆ ಮುಗಿಸಿದರು. ಸೋಮವಾರ ಅಳೆದೆ. ನಾನೇ ಒತ್ತಿದ, ನಾನೇ ಡಬ್ಬಿಗೆ ಹಾಕಿದ ಬರೀ ಬಿಲ್ಲೆಗಳು ಚೆನ್ನಾಗಿಯೇ ವಿದ್ಯುತ್ ಹರಿಸಿದವು.

ಗೈಡ್‌ಗೆ ಎಲ್ಲ ಹೇಳಿದೆ. ಆರಿಸುವ ಬಗೆಯ ಮೇಲೇ ಒಂದು ಅಧ್ಯಾಯ ಬರೆಯಬಹುದೆಂದು ಅವರಿಗೆ ಸಂತೋಷವೋ ಸಂತೋಷ. ನಾನು ಬೀಗದ ಕೈ ಹಿಡಿದು ಅಟೆಂಡರ್ ಬಳಿ ಹೋದೆ. "ತಪ್ಪಾಯ್ತು, ತಗೊಳ್ಳಿ," ಎಂದು ಕೊಟ್ಟೆ. ಕಾರಣ ಸಿಕ್ಕಿದ್ದು ಹೇಗೆ, ಅದಕ್ಕೂ ಮೊದಲು ಎಷ್ಟೆಲ್ಲ ಓದಿದ್ದೆ, ಯಾರ್‍ಯಾರನ್ನು ವಿಚಾರಿಸಿದ್ದೆ ಎಂದೆಲ್ಲ ಒದರಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಸಿಟ್ಟಿನ ಸುಳಿವೂ ಇರಲಿಲ್ಲ.

"ನನ್ನೊಬ್ಬನ್ನ ಬುಟ್ಟು ಎಲ್ಲಾರ್ನೂ ಕೇಳಿದ್ರಲ್ಲಮ್ಮ," ಎಂದರು.