ಬೇವಿನ ದಿಮ್ಮಿಗೆ ತಕ್ಕ ಲೇತು

ಮೊನ್ನೆ ಇದೇ ಹೈದರಾಬಾದಿನ ಮೆಹದಿಪಟ್ಟಣಂನಿಂದ ಮೊಮ್ಮಗಳು ನಂದಿನಿ ನನ್ನ ಫೋನಿಗೆ ಒಂದು ಫೋಟೊ ಕಳಿಸಿದಳು. ಮರ ಕಡೆಯುವ ಲೇತ್ ಮಷೀನು. ಮೇಜಿನ ಮೇಲೆ ಕೂಡುವಷ್ಟು ಚಿಕ್ಕದು, ನೀಲಿ ಬಣ್ಣ, ಹೊಲಿಗೆ ಮಷೀನಿನ ತಮ್ಮನಂತಿದೆ. ಕೆಳಗೆ ಬರೆದಿದ್ದಳು: "ಅಜ್ಜಿ, ಅಜ್ಜನ ದೊಡ್ಡ ಮಷೀನ್ ಮಾರಿ ಇದನ್ನ ತಗೊಳ್ಳೋಣೇನು? ನಾ ಕಲೀಬೇಕಂತ ಮಾಡೀನಿ. ದೊಡ್ಡದರ ಮುಂದ ನಿಂತ್ರ ನನಗ ಆಗಿಬರೂದಿಲ್ಲ."

ಒಂದು ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಒಂದು ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕೆಂದ ಮಾತೇ ಮರೆತುಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ. ಕೇಳಿದವಳು ನಂದಿನಿ, ಆದರೂ ಮೊಮ್ಮಕ್ಕಳೆಲ್ಲ ಓದಿರಿ. ಆ ಲೇತನ್ನು ಅಜ್ಜ ಆರಿಸಿದ್ದು ಎಂದು ನೀವು ನಂಬಿದ್ದೀರಿ. ಅದರಲ್ಲಿ ಸ್ವಲ್ಪ ತಿದ್ದುಪಡಿ ಇದೆ.

ನಿಮ್ಮ ಅಜ್ಜ ರೈಲ್ವೆಯಲ್ಲಿ ಗುಮಾಸ್ತರು. ಕೈಗೆ ಹತ್ತಿದ್ದು ಶಾಯಿ, ಮನಸ್ಸೆಲ್ಲ ಮರಗೆಲಸದಲ್ಲಿ. ಅವರು ನಿವೃತ್ತರಾದ ವರ್ಷವೇ ಮಲ್ಕಾಜ್‌ಗಿರಿಯ ಈ ಮನೆಯ ಹಿತ್ತಲಿನ ಬೇವಿನ ಮರ ಗಾಳಿಗೆ ಗೋಡೆಯ ಮೇಲೆ ಉರುಳಿತು. ಗೋಡೆ ಹೋಯಿತಲ್ಲ ಎಂದು ನಾನು ಅತ್ತೆ, ಮರ ಸಿಕ್ಕಿತಲ್ಲ ಎಂದು ಅವರು ನಕ್ಕರು. ಆ ದಿಮ್ಮಿಗಳಲ್ಲಿ ಮಕ್ಕಳ ಮನೆಗೊಂದರಂತೆ ಮರಿಗೆ, ಅಂದರೆ ಹಿಟ್ಟು ನಾದುವ ಮರದ ಬೋಗುಣಿ, ಕಡೆದು ಕೊಡಬೇಕೆಂಬುದು ಅವರ ಆಸೆ. ಆದರೆ ಹಸಿ ದಿಮ್ಮಿ ಬಹಳ ದಿನ ಕಾಯುವುದಿಲ್ಲ, ಒಣಗುತ್ತ ಸೀಳುತ್ತದೆ. ಒದ್ದೆ ಗೋಣಿಚೀಲ ಹೊದಿಸಿ, ತುದಿಗಳಿಗೆ ಮನೆಗೆ ಹಚ್ಚಿ ಉಳಿದ ಬಣ್ಣ ಬಳಿದು, ಬೆಳಿಗ್ಗೆ ಎದ್ದ ಕೂಡಲೇ ಜ್ವರ ಬಂದ ಮಗುವನ್ನು ಮುಟ್ಟಿ ನೋಡುವಂತೆ ನೋಡುತ್ತಿದ್ದರು. ಸೀಳುವ ಮೊದಲು ಲೇತು ಬರಬೇಕು.

ಅವರೊಬ್ಬರನ್ನೇ ಅಂಗಡಿಗೆ ಕಳಿಸಲು ನನಗೆ ಧೈರ್ಯವಿರಲಿಲ್ಲ. ಒಬ್ಬರ ಚಹಾ ಕುಡಿದ ಮೇಲೆ ಅವರಿಗೆ ಇಲ್ಲವೆನ್ನುವುದು ನಿಮ್ಮ ಅಜ್ಜನಿಗೆ ಬರುತ್ತಿರಲಿಲ್ಲ. ನಮ್ಮ ಊರಿನಲ್ಲಿ ಅದು ಮರ್ಯಾದೆ. ಹೈದರಾಬಾದಿನಲ್ಲಿ ಗಿರಾಕಿ ಕುರ್ಚಿಯಲ್ಲಿ ಕೂಡುವ ಮೊದಲೇ ಚಹಾ ಬರುತ್ತದೆ. ಹೀಗಾಗಿ ಬಾವಿಯಿಲ್ಲದ ನಮ್ಮ ಮನೆಗೆ ಒಂದು ಪಂಪು ಬಂದಿತ್ತು. ಯಾವ ಬಾಗಿಲಲ್ಲೂ ಹಿಡಿಸದ ಒಂದು ಕಪಾಟು ಬಂದಿತ್ತು. ಅದು ಈಗಲೂ ವರಾಂಡದಲ್ಲಿದೆ, ನೀವು ಚಪ್ಪಲಿ ಇಡುವುದು ಅದರಲ್ಲೇ.

"ನಾನೂ ಬರ್ತೀನ್ರಿ" ಅಂದೆ.

"ನೀ ಬಂದು ಏನ್ ಮಾಡ್ತಿ? ಅಂಗಡ್ಯಾಗ ನೀ ಬಾಯಿ ಬಿಟ್ಟಿದ್ದು ನಾ ಇನ್ನೂ ನೋಡಿಲ್ಲ."

"ಬಾಯಿ ಬಿಡೂದಿಲ್ಲ. ನಿಮ್ಮ ಬಾಜೂಕ ನಿಲ್ತೀನಿ."

ಅವರಂದದ್ದು ಸುಳ್ಳಲ್ಲ. ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿತವಳು ನಾನು. ಇಷ್ಟು ವರ್ಷದಲ್ಲಿ ಉರ್ದು, ತೆಲುಗು ಕಿವಿ ತುಂಬಿದ್ದವು, ನಾಲಗೆಗೆ ಇಳಿದಿರಲಿಲ್ಲ. ತರಕಾರಿಯವನ ಜೊತೆಗೂ ನನ್ನದು ಬೆರಳಿನ ವ್ಯಾಪಾರ.

ಕಾಚಿಗೂಡದ ಕಡೆ ಒಂದು ಮಷೀನಿನ ಅಂಗಡಿ. ಮಾಲೀಕರು ಬಿಳಿ ಗಡ್ಡದ ಸಾಹೇಬರು. ನಂದಿನಿ, ಅಲ್ಲಿ ನಿನ್ನ ಫೋಟೊದ ಮಷೀನಿನ ಅಕ್ಕ ಕುಳಿತಿದ್ದಳು, ಸ್ವಲ್ಪ ಮೈತುಂಬಿಕೊಂಡು. ಅವಳನ್ನು ಕಂಡು ಇವರ ಮುಖ ಅರಳಿತು. ಚಹಾ ಬಂತು. ಇವರು ಕುಡಿದರು. ಪರರ ಮುಂದೆ ಕುಡಿಯಲು ನನಗೆ ಸಂಕೋಚ, ಕಪ್ಪನ್ನು ಎಲ್ಲಿಡುವುದೋ ತಿಳಿಯದೆ ಆ ಲೇತಿನ ಮೇಲೇ ಇಟ್ಟೆ. ಸಾಹೇಬರು ಅದನ್ನು ಗಮನಿಸದೆ ಅಂಗೈಯಗಲದ ಕಟ್ಟಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಕಪ್ಪು ಗಡಗಡ ನಡುಗಿತು. ಆಮೇಲೆ ಹೊರಟಿತು. ಅಂಚಿನವರೆಗೂ ನಡೆದು ಸಾಹೇಬರ ಪೈಜಾಮದ ಮೇಲೆ ಬಿತ್ತು.

"ಕುಛ್ ನಹೀ ಭಾಬಿ, ಕುಛ್ ನಹೀ" ಎಂದು ಸಾಹೇಬರೇ ನನಗೆ ಸಮಾಧಾನ ಹೇಳಿದರು. ಚಹಾ ಕುಡಿದಾಗಿದೆ, ಕಪ್ಪು ಒಡೆದಾಗಿದೆ, ಪೈಜಾಮ ಕೆಟ್ಟಿದೆ. ಇನ್ನು ಇವರನ್ನು ತಡೆಯುವವರು ಯಾರು? ಕೈ ಆಗಲೇ ಜೇಬಿನ ಕಡೆ ಹೊರಟಿತ್ತು.

ನನಗೆ ತವರಿನ ಬೀಸುಕಲ್ಲುಗಳು ನೆನಪಾದವು. ಎರಡಿದ್ದವು. ಸಣ್ಣದರಲ್ಲಿ ಜೋಳ ಬೀಸಲು ಕುಳಿತರೆ ಅದೇ ಮುಂದೆ ಮುಂದೆ ಸರಿಯುತ್ತಿತ್ತು, ನಾವು ಕುಂಡೆ ಎಳೆಯುತ್ತ ಅದರ ಹಿಂದೆ. ದೊಡ್ಡದು ಕೂತಲ್ಲಿಂದ ಏಳುತ್ತಿರಲಿಲ್ಲ. ಅಂಗೈಯಗಲದ ಕಟ್ಟಿಗೆಗೇ ಹೀಗೆ ಕುಣಿಯುವ ಈ ಮಷೀನು, ನಮ್ಮ ಬೇವಿನ ಗಂಟುಗಂಟು ದಿಮ್ಮಿಗೆ ಏನಾದೀತು?

"ನಕ್ಕೋ" ಅಂದೆ.

ಬೇಡ ಎನ್ನಲು ಈ ಊರಿನ ಮಾತು ಅದು. ದನಿ ಎಲ್ಲಿಂದ ಬಂತೆಂದು ಇಬ್ಬರು ಗಂಡಸರೂ ತಿರುಗಿ ನೋಡಿದರು. ನಾನು ಕಾಲುಂಗುರ ನೋಡುತ್ತ ಇನ್ನೊಮ್ಮೆ ಅಂದೆ: "ನಕ್ಕೋ. ಭಾರೀ ಹೋನಾ." ಭಾರದ್ದು ಬೇಕು ಎಂದು.

ಸಾಹೇಬರು ಜೋರಾಗಿ ನಕ್ಕರು. ಭಾಬಿ ಸರಿಯಾಗಿ ಹೇಳಿದರು ಎಂದು ಇವರ ಬೆನ್ನು ತಟ್ಟಿ ಹಿಂದಿನ ಗೋದಾಮಿಗೆ ಕರೆದೊಯ್ದರು. ಮುಚ್ಚಿಹೋದ ಫರ್ನಿಚರ್ ಕಾರ್ಖಾನೆಯೊಂದರ ಎರಕದ ಕಬ್ಬಿಣದ ಲೇತು ಅಲ್ಲಿ ಧೂಳು ತಿನ್ನುತ್ತಿತ್ತು. ಭಾರಕ್ಕೆ ಹೆದರಿ ಯಾರೂ ಒಯ್ದಿರಲಿಲ್ಲವಂತೆ. ಸೊಟ್ಟ ದಿಮ್ಮಿಯೊಂದನ್ನು ಹಾಕಿ ನಿಧಾನ ತಿರುಗಿಸಿದರು. ನಾನು ಅದರ ಮೈಮೇಲೆ ಅಂಗೈ ಇಟ್ಟೆ. ನಿದ್ದೆ ಮಾಡುವ ಬೆಕ್ಕಿನಷ್ಟು ಗುರುಗುರು, ಅಷ್ಟೇ. ಈ ಸಲ ಹೂಂ ಎಂದು ತಲೆಯಾಡಿಸಿದೆ.

ಅದನ್ನು ಮನೆಗೆ ಇಳಿಸಲು ಬಂದ ಹಮಾಲರು ನಮ್ಮ ಕಡೆಯವರು. "ಯವ್ವಾ, ಇದು ಮಷೀನೋ ಎಮ್ಮಿಯೋ?" ಎಂದ ಒಬ್ಬ. "ಎಮ್ಮಿ ಆಗಿದ್ರ ತಾನ ನಡಕೊಂಡು ಬರ್ತಿತ್ತಲೇ" ಎಂದ ಇನ್ನೊಬ್ಬ.

ಒಂದು ದಿಮ್ಮಿ ಅಷ್ಟರಲ್ಲಿ ಸೀಳಿತ್ತು. ಉಳಿದವು ಮರಿಗೆಗಳಾಗಿ ನಿಮ್ಮ ಮನೆಗಳಲ್ಲಿವೆ. ಬಂದವರಿಗೆಲ್ಲ ಇವರು "ನಾನ ಆರಿಸಿದ್ದು" ಎಂದು ತೋರಿಸುವಾಗ ನಾನು ಒಳಗೆ ಚಹಾ ಸೋಸುತ್ತ ನಗುತ್ತಿದ್ದೆ.

ಇಷ್ಟು ಬರೆದು ಹಿತ್ತಲಿಗೆ ಹೋಗಿ ಲೇತಿನ ಮುಂದೆ ನಿಂತೆ. ಅವರು ಹೋದಮೇಲೆ ವಾರವಾರವೂ ಒರೆಸಿದ್ದೇನೆ, ಕೆಲಸಕ್ಕೆ ನಿಂತವರ ಹಾಗೆ ಒಮ್ಮೆಯೂ ನಿಂತಿರಲಿಲ್ಲ. ಮರ ತಿರುಗುವ ಜಾಗ ನನ್ನ ಎದೆಗೆ ಬಂತು. ನಂದಿನಿ, ನೀನು ನನ್ನಷ್ಟೇ ಎತ್ತರ. ಅದು ತಮ್ಮ ಮೊಳಕೈ ಮಟ್ಟಕ್ಕೆ ಇರಬೇಕೆಂದು, ಉದ್ದನೆಯ ಆಳಾದ ನಿಮ್ಮ ಅಜ್ಜ ಲೇತಿನ ಕಾಲುಗಳ ಕೆಳಗೆ ಮರದ ದಪ್ಪ ತುಂಡುಗಳನ್ನು ಕೊಟ್ಟಿದ್ದರು. ನಲ್ಲಿ ರಿಪೇರಿಗೆ ಬಂದವನು ಲೇತನ್ನು ಸ್ವಲ್ಪ ಸರಿಸುತ್ತೇನೆಂದರೂ ನಾನು ಬಿಟ್ಟಿರಲಿಲ್ಲ. ಅವರಿಟ್ಟದ್ದು ಅವರಿಟ್ಟಂತೆ ಇರಲಿ ಎಂದು.

ಮಷೀನು ನಿನಗೆ ಆಗಿಬರದ್ದಲ್ಲ, ಅದು ಇನ್ನೂ ಅವರ ಅಳತೆಗೆ ನಿಂತಿದೆ. ಇವತ್ತು ಬೀದಿಯ ತುದಿಯವರೆಗೆ ಹೋಗಿ, ನನ್ನ ಹರಕು ತೆಲುಗಿನಲ್ಲೇ ನಾಲ್ಕು ಆಳುಗಳಿಗೆ ಹೇಳಿ ಬಂದಿದ್ದೇನೆ. ಭಾನುವಾರ ತುಂಡುಗಳನ್ನು ತೆಗೆಯುತ್ತಾರೆ. ಎಷ್ಟು ಇಳಿಸಬೇಕೆಂದು ಅವರು ಕೇಳುತ್ತಾರೆ. ಬೆಳಿಗ್ಗೆಯೇ ಬಂದು ಅದರ ಮುಂದೆ ನಿಲ್ಲು, ನಿನ್ನ ಮೊಳಕೈ ನೋಡಿ ಹೇಳುತ್ತೇನೆ.