ಮಾಲೆ ಇಲ್ಲದ ಸ್ವಾಮಿ

ನನಗೆ ಈಜು ಬರುವುದಿಲ್ಲ ಎಂದಲ್ಲ. ಬರುತ್ತದೆ, ಆದರೆ ನಿಧಾನ. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕಾದ ಟ್ರಯಥ್ಲಾನ್‌ಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಹೆಸರು ಕೊಟ್ಟ ಪ್ರಚಂಡ ನಾನು. ಹೋದ ಸಲ ಸುಮಾರು ಎರಡು ಕಿಲೋಮೀಟರ್ ಈಜಿ ದಡ ಮುಟ್ಟುವಷ್ಟರಲ್ಲಿ ಗಡುವು ಮುಗಿದು ನಾಲ್ಕು ನಿಮಿಷವಾಗಿತ್ತು. ಅಲ್ಲಿದ್ದ ಹುಡುಗಿಯೊಬ್ಬಳು ನಗುನಗುತ್ತಲೇ ನನ್ನ ಕಾಲಿಗೆ ಕಟ್ಟಿದ್ದ, ಸಮಯ ಅಳೆಯುವ ಪಟ್ಟಿ ಬಿಚ್ಚಿಕೊಂಡಳು. ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ನಿಲ್ಲಿಸಿದ್ದ ಸೈಕಲ್ಲನ್ನು ತುಳಿಯದೆ ಸುಮ್ಮನೆ ತಳ್ಳಿಕೊಂಡು ಹೊರಗೆ ಬಂದೆ. ಆ ಅವಮಾನ ಇನ್ನೂ ಮರೆತಿಲ್ಲ. ಮುಂದಿನ ಸ್ಪರ್ಧೆ ಫೆಬ್ರವರಿ ಕೊನೆಗೆ. ಅಷ್ಟರೊಳಗೆ ಆ ನಾಲ್ಕು ನಿಮಿಷ ಉಳಿಸಬೇಕು, ಆಗದಿದ್ದರೆ ಈ ಹುಚ್ಚನ್ನೇ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೆ.

ಚಳಿಗಾಲ ಸ್ಪರ್ಧೆಗಳಿಲ್ಲದ ಕಾಲ, ನಿಧಾನವಾಗಿ ಕಸುವು ಕೂಡಿಸಿಕೊಳ್ಳಿ ಎಂದು ತರಬೇತಿಯ ವಿಡಿಯೋಗಳು ಹೇಳುತ್ತವೆ. ಹೇಳುವವರು ಹಾಸನದಲ್ಲಿ ಒಂದು ಡಿಸೆಂಬರ್ ಕಳೆದು ನೋಡಲಿ. ನಾನು ಹೋಗುತ್ತಿದ್ದ ಈಜುಕೊಳಕ್ಕೆ ಬೀಗ ಬಿತ್ತು. "ಚಳೀಲಿ ಯಾರ್ ಸಾ ಬತ್ತಾರೆ? ನಿಮ್ಮೊಬ್ಬರಿಗೋಸ್ಕರ ಮೋಟ್ರು ಓಡ್ಸಕಾಯ್ತದಾ?" ಎಂದು ಕಾವಲಿನವನು ನನ್ನನ್ನೇ ಕೇಳಿದ. ಸೈಕಲ್ಲಿನ ಕಥೆ ಇನ್ನೊಂದು. ಚನ್ನರಾಯಪಟ್ಟಣದ ಕಡೆ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಎಲ್ಲವನ್ನೂ ಡಾಂಬರಿನ ಮೇಲೆಯೇ ಹರಡುತ್ತಾರೆ, ಹೋಗುವ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು. ಬೆರಳಿನಷ್ಟು ಅಗಲದ ನನ್ನ ಟೈರು ಹುರುಳಿ ಸೊಪ್ಪಿನ ಮೇಲೆ ಜಾರಿ, ಮೊಣಕೈ ತರಚಿಕೊಂಡು ಬಿದ್ದೆ. ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದ ಅಜ್ಜಿ, "ಪೆಟ್ಟಾಯ್ತೇನಪ್ಪ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ನಿನ್ ಸೈಕಲ್ ತೂಕಕ್ಕೆ ಕಾಳ್ ಬಿಡಾಕಿಲ್ಲ, ಅತ್ಲಾಗ್ ತಳ್ಕಂಡೋಗು, ಲಾರಿ ಬರ್ಲಿ" ಎಂದಳು. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಅದು.

ಆದರೂ ಅಡ್ಡ ಬಂದದ್ದೆಲ್ಲ ಒಂದು ತೂಕವಾದರೆ ನನ್ನ ಬಟ್ಟೆಯೇ ಒಂದು ತೂಕ. ನನ್ನ ಟೀಶರ್ಟು ಕಪ್ಪು, ಪ್ಯಾಂಟು ಕಪ್ಪು, ಕತ್ತಿನವರೆಗೆ ಜಿಪ್ ಎಳೆಯುವ ಈಜುಡುಗೆಯೂ ಕಪ್ಪು. ಬೆಳಗಾಗುವ ಮುಂಚೆ ಎದ್ದು ಕ್ಷೌರ ಮಾಡಿಕೊಳ್ಳುವ ಸೋಮಾರಿತನಕ್ಕೆ ಗಡ್ಡ ಬೇರೆ ಬಿಟ್ಟಿದ್ದೆ. ಅಯ್ಯಪ್ಪನ ಮಾಲೆ ಹಾಕುವ ಕಾಲದಲ್ಲಿ ಹೀಗೆ ತಿರುಗಿದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಗಣಿತ ಮೇಷ್ಟರಾದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅರಕಲಗೂಡಿನಲ್ಲಿ ನಮ್ಮ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಡಬಲ್ ಆಮ್ಲೆಟ್ ಕೇಳಿದರೆ ಮಾಲೀಕ ಕೈಮುಗಿದ. "ಸ್ವಾಮಿ, ಆ ಪಾಪ ನಂಗ್ಯಾಕೆ? ಇಡ್ಲಿ ತಿನ್ನಿ." ನಾನು ಮಾಲೆ ಹಾಕಿಲ್ಲಪ್ಪ ಎಂದರೆ ನಂಬಲಿಲ್ಲ. ಚಳಿಯಲ್ಲಿ ಮೂವತ್ತು ಕಿಲೋಮೀಟರ್ ಸೈಕಲ್ ತುಳಿದು ಬಂದು ಎರಡು ಇಡ್ಲಿ ತಿಂದು ಪಾಠಕ್ಕೆ ಹೋದೆ. ಅಂದಿನಿಂದ ಮೊಟ್ಟೆ ಏನಿದ್ದರೂ ಮನೆಯಲ್ಲೇ.

ಈಜಲು ಉಳಿದದ್ದು ಶೆಟ್ಟಿಹಳ್ಳಿಯ ಹಿನ್ನೀರು ಒಂದೇ. ಅಲ್ಲಿ ನೀರಿನ ಅಂಚಿನಲ್ಲಿರುವ ಪಾಳುಬಿದ್ದ ಚರ್ಚನ್ನು ನೋಡಲು ಬರುವವರು ಬಿಸಿಲೇರಿದ ಮೇಲೆ ಬರುತ್ತಾರೆ, ನಾನು ಹೋಗುವ ಹೊತ್ತಿಗೆ ಮಂಜು ಬಿಟ್ಟರೆ ಯಾರೂ ಇರುವುದಿಲ್ಲ. ಆದರೆ ಒಬ್ಬನೇ ಇಳಿಯಲು ಧೈರ್ಯ ಸಾಲದು. ಆ ನೀರಿನ ಆಳ ಯಾರಿಗೆ ಗೊತ್ತು? ಮೊದಲ ದಿನ ದಡದಲ್ಲಿ ನಡುಗುತ್ತ ನಿಂತಿದ್ದಾಗ ದುಂಡನೆಯ ತೆಪ್ಪದಲ್ಲಿ ಬಲೆ ಜೋಡಿಸಿಕೊಳ್ಳುತ್ತಿದ್ದ ಒಬ್ಬರು ಕಂಡರು. ಅರವತ್ತರ ಹತ್ತಿರದ ವಯಸ್ಸು, ಮೀನು ಹಿಡಿಯುವುದೇ ಅವರ ಕಸುಬು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಂಥ ಚಳೀಲಿ ನೀರ್ಗಿಳೀತೀರಾ ಸ್ವಾಮಿ?"

"ಇಳೀಬೇಕು ಯಜಮಾನ್ರೇ. ಆದರೆ ಆಳ ಗೊತ್ತಿಲ್ಲ."

"ಇಳೀರಿ. ನಾನ್ ಪಕ್ಕದಲ್ಲೇ ತೆಪ್ಪ ಆಕ್ಕಂಡ್ ಬತ್ತೀನಿ. ಸ್ವಾಮಿಗಳ ಸೇವೆ ಅಂದ್ಕತೀನಿ."

ಬಾಯಿ ಬಿಟ್ಟು ಹೇಳಲು ಅದೇ ಸರಿಯಾದ ಸಮಯ. ಹೋಟೆಲಿನವನಿಗೆ ಹೇಳಿದ್ದ ಮಾತನ್ನೇ ಇಲ್ಲೂ ಹೇಳಿದ್ದರೆ ಸಾಕಿತ್ತು. ನಾನು ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ನೀರಿಗೆ ಇಳಿದೆ.

ಮುಂದೆ ವಾರಕ್ಕೆ ನಾಲ್ಕು ದಿನ ಅದೇ ಕಥೆ. ಅವರು ಹುಟ್ಟು ಹಾಕುತ್ತ ಪಕ್ಕದಲ್ಲೇ ಬರುತ್ತಿದ್ದರು, ನಾನು ಉಸಿರೆಳೆಯಲು ತಲೆ ಹೊರಳಿಸಿದಾಗಲೆಲ್ಲ ತೆಪ್ಪದ ಕರಿ ಅಂಚು ಕಾಣುತ್ತಿತ್ತು. ಬೆರಳು ಮರಗಟ್ಟುತ್ತಿತ್ತು, ಸಮಯ ಮಾತ್ರ ಇಳಿದರೆ ಸೆಕೆಂಡುಗಳಲ್ಲಿ ಇಳಿಯುತ್ತಿತ್ತು. ಗಡಿಯಾರ ನೋಡಿ ನಾನು ಹಲ್ಲು ಕಡಿದರೆ ಅವರು ಅದನ್ನು ಚಳಿ ಎಂದುಕೊಂಡು ತಮ್ಮ ಕಂಬಳಿ ಹೊದಿಸುತ್ತಿದ್ದರು. ಪ್ರತಿಯಾಗಿ ಏನು ಕೊಡಲು ಹೋದರೂ ಮುಟ್ಟಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಮನೆಗೆ ಬರುತ್ತಿದ್ದೆ. ಹೇಳಿದರೆ ತೆಪ್ಪ ಹೋಗುತ್ತದೆ, ತೆಪ್ಪ ಹೋದರೆ ಈಜು ಹೋಗುತ್ತದೆ. ಲೆಕ್ಕ ಇಷ್ಟೇ ಸರಳವಾಗಿತ್ತು, ನನ್ನ ಮೇಲೆ ನನಗೇ ಹೇಸಿಗೆಯಾಗುವಷ್ಟು ಸರಳ.

ಸಂಕ್ರಾಂತಿಗೆ ಇನ್ನೂ ಒಂದು ವಾರವಿದ್ದಾಗ ಪೂರ್ತಿ ದೂರ ಈಜಿದೆ. ದಡದಲ್ಲಿ ನಿಂತು ಗಡಿಯಾರ ಒತ್ತಿದರೆ ಗಡುವಿಗೆ ಇನ್ನೂ ಒಂದು ನಿಮಿಷ ಬಾಕಿಯಿತ್ತು. ಕುಣಿಯಬೇಕೆನಿಸಿತು. ಈಜುಗನ್ನಡಕ ತೆಗೆದು ತಿರುಗುವಷ್ಟರಲ್ಲಿ ಅವರು ಎಂದಿನಂತೆ ಕಂಬಳಿ ಹೊದಿಸಿ, ಅರಿಸಿನ ಹಚ್ಚಿದ ತೆಂಗಿನಕಾಯಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಮಲೆಗೆ ಇನ್ನೇನ್ ಒರಡ್ತೀರಲ್ಲ ಸ್ವಾಮಿ. ಇದ್ನ ನಿಮ್ ಇರುಮುಡೀಲಿ ಇಟ್ಕಂಡೋಗಿ. ನಾನೂ ಬೋ ವರ್ಸ ಓಗ್ತಿದ್ದೆ. ಈಗ ಮಂಡಿ ಬೆಟ್ಟ ಅತ್ತಾಕಿಲ್ಲ ಅಂತದೆ."

ನಾನು ಕೈ ಚಾಚಲಿಲ್ಲ. ಸಂಕೋಚವೆಂದುಕೊಂಡು ಅವರು ನಕ್ಕರು.

"ಸುಮ್ಕೆ ಕೊಡ್ತಿಲ್ಲ ಕಣ್ ಸ್ವಾಮಿ. ನಿಮ್ಗೆ ತೆಪ್ಪ ಆಕಿದ್ ಮೊದ್ಲ್ನೇ ದಿನದಿಂದ್ಲೂ ನಾನೂ ನೇಮದಲ್ಲಿವ್ನಿ. ಮನೇಲಿ ಮೀನ್ ಬೇಯ್ಸಿಲ್ಲ. ಎಂಡ್ರು ದಿನಾ ಬೈತಾವ್ಳೆ."

ಅವತ್ತು ಬೆಳಿಗ್ಗೆ ನಾನು ಎರಡು ಬೇಯಿಸಿದ ಮೊಟ್ಟೆ ತಿಂದು ಬಂದಿದ್ದೆ. ಜಿಪ್ಪನ್ನು ಎದೆಯವರೆಗೆ ಕೆಳಗಿಳಿಸಿದೆ. ಅವರು ಬರಿಗತ್ತನ್ನು ನೋಡಿದರು. "ಮಾಲೆ ಹಾಕಿಲ್ಲ ಯಜಮಾನ್ರೇ. ಇದು ಒಂದು ಪಂದ್ಯಕ್ಕೆ. ಮೊದಲ ದಿನವೇ ಹೇಳಬೇಕಿತ್ತು, ತಪ್ಪಾಯ್ತು" ಎಂದೆ. ನನ್ನ ಧ್ವನಿ ನನಗೇ ಸಹಿಸಲಾಗಲಿಲ್ಲ.

ಅವರು ಕಾಯಿಯನ್ನು ಮೆಲ್ಲಗೆ ಟವಲಿನಲ್ಲಿ ಸುತ್ತಿ ತೆಪ್ಪದೊಳಗಿಟ್ಟರು. ನನ್ನ ಹೆಗಲ ಮೇಲಿದ್ದ ಕಂಬಳಿಯನ್ನು ಕೇಳಲಿಲ್ಲ, ನಾನೇ ಮಡಚಿ ಕೊಟ್ಟೆ. ತೆಪ್ಪವನ್ನು ನೀರಿಗೆ ನೂಕಿ ಹತ್ತಿದ ಮೇಲೆ ಒಮ್ಮೆ ತಿರುಗಿದರು.

"ಮೊದ್ಲೇ ಏಳಿದ್ರೂ ತೆಪ್ಪ ಆಕ್ತಿದ್ದೆ ಸಾ" ಎಂದರು.